ಗುತ್ತಿಗೆಯ ದ್ವೀಪ

ಊರಿನಿಂದ ಹೊರಡುವಾಗ ಅಮ್ಮ ಕಟ್ಟಿಕೊಟ್ಟ ಉಂಡೆಕೊಬ್ಬರಿಯಲ್ಲಿ ಎರಡನ್ನು ಮೇಲಿನ ಮನೆಯಾಕೆಗೆ ಕೊಟ್ಟೆ. ತಿಪಟೂರು ಕಡೆಯವನು ನಾನು, ಯಾರಿಗೆ ಏನು ಕೊಡಬೇಕೆಂದರೂ ಮೊದಲು ಕೈಗೆ ಸಿಗುವುದು ಅದೇ. ಆಕೆ ಉಂಡೆಯನ್ನು ಮೂಸಿದರು, ತಿರುಗಿಸಿ ತಿರುಗಿಸಿ ನೋಡಿದರು. ‘ಹೋಳು ಮಾಡದೆ ಹೇಗೆ ಒಣಗಿಸಿದಿರಿ?’ ಎಂದರು. ಕಾಯನ್ನು ಅಟ್ಟದ ಮೇಲೆ ವರ್ಷದಷ್ಟು ಕಾಲ ಬಿಡುತ್ತೇವೆ, ಒಳಗಿನ ನೀರು ಬತ್ತಿ ಕೊಬ್ಬರಿ ಚಿಪ್ಪು ಬಿಟ್ಟಾಗ ಅಲ್ಲಾಡಿಸಿದರೆ ಲೊಟಲೊಟ ಸದ್ದು ಬರುತ್ತದೆ ಎಂದೆ. ನಕ್ಕರು. ‘ನಮ್ಮ ಕಂಪನಿಗೆ ಅಷ್ಟು ಪುರುಸೊತ್ತು ಇರಲಿಲ್ಲ.’

ಆಕೆ ಹುಟ್ಟಿದ್ದು 1961ರಲ್ಲಿ, ಡಿಯೇಗೊ ಗಾರ್ಸಿಯಾ ದ್ವೀಪದಲ್ಲಿ. ಮಾಲ್ಡೀವ್ಸ್‌ನಿಂದ ದಕ್ಷಿಣಕ್ಕೆ ಸುಮಾರು 500 ಕಿಲೋಮೀಟರ್ ದೂರದ ಚಾಗೋಸ್ ದ್ವೀಪಸಮೂಹದಲ್ಲಿ ಅದೇ ದೊಡ್ಡದು. ತೆಂಗಿನ ತೋಟಕ್ಕೆಂದು ಆಫ್ರಿಕಾ, ಮಡಗಾಸ್ಕರ್‌ಗಳಿಂದ ತಂದ ಗುಲಾಮರು, ಆಮೇಲೆ ಬಂದ ಭಾರತದ ಕೂಲಿಗಳು, ಇವರ ಮಕ್ಕಳು ಮೊಮ್ಮಕ್ಕಳೇ ಅಲ್ಲಿನ ಜನ. ಅವರ ಮಾತು ಕ್ರಿಯೋಲ್, ಬದುಕು ಕೊಬ್ಬರಿ.

ಲಂಡನ್ನಿನ ದಕ್ಷಿಣಕ್ಕಿರುವ ನಮ್ಮ ಈ ಕ್ರಾಲಿಯಲ್ಲಿ ಚಾಗೋಸಿನವರು ಬೇಕಾದಷ್ಟು ಜನ ಇದ್ದಾರೆ. 2002ರ ಕಾನೂನಿನಿಂದ ಬ್ರಿಟಿಷ್ ಪೌರತ್ವ ಸಿಕ್ಕಿದ ಮೇಲೆ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಇಳಿದರು. ಮೊದಲು ಬಂದವರಲ್ಲಿ ಕೆಲವರು ಅಲ್ಲಿಯೇ ನೆಲದ ಮೇಲೆ ಮಲಗಿ ದಿನ ಕಳೆದರು, ಆಮೇಲೆ ಪಕ್ಕದ ಊರಿನಲ್ಲಿ ಬೇರೂರಿದರು. ನಾನು ಇಲ್ಲಿಗೆ ಬಂದ ಮೊದಲ ವರ್ಷ ಅವರನ್ನು ಮಾರಿಷಸ್‌ನವರು ಎಂದೇ ತಿಳಿದು, ಹಾಗೆಂದೇ ಕರೆದು, ಈ ಆಕೆಯಿಂದ ಸರಿಯಾಗಿ ಬೈಸಿಕೊಂಡಿದ್ದೆ.

ಕಥೆ ಶುರುವಾಗುವುದು 1965ರಲ್ಲಿ. ಸ್ವಾತಂತ್ರ್ಯದ ಹೊಸ್ತಿಲಲ್ಲಿದ್ದ ಮಾರಿಷಸ್‌ನಿಂದ ಬ್ರಿಟನ್ ಈ ದ್ವೀಪಗಳನ್ನು ಕತ್ತರಿಸಿಕೊಂಡಿತು. ಕೊಟ್ಟದ್ದು 30 ಲಕ್ಷ ಪೌಂಡ್. ಅಮೆರಿಕಕ್ಕೆ ಸೇನಾನೆಲೆ ಬೇಕಿತ್ತು, ಜನರಿಲ್ಲದ ನೆಲ ಬೇಕಿತ್ತು. ಬದಲಿಗೆ ಪೊಲಾರಿಸ್ ಕ್ಷಿಪಣಿಗಳ ವ್ಯವಹಾರದಲ್ಲಿ ಬ್ರಿಟನ್ನಿಗೆ 1.4 ಕೋಟಿ ಡಾಲರ್ ರಿಯಾಯಿತಿ ಸಿಕ್ಕಿತು. ಆದರೆ ಜನ ಇದ್ದರಲ್ಲ! ವಸಾಹತಿನಲ್ಲಿ ಕಾಯಂ ನಿವಾಸಿಗಳಿದ್ದರೆ ಅವರ ಹಿತಕ್ಕೆ ವಿಶ್ವಸಂಸ್ಥೆಯ ಮುಂದೆ ಉತ್ತರ ಕೊಡಬೇಕು. ಹಾಗಾಗಿ ಅಧಿಕಾರಿಗಳು ಸುಲಭದ ದಾರಿ ಹುಡುಕಿದರು: ಇವರು ನಿವಾಸಿಗಳಲ್ಲ, ಗುತ್ತಿಗೆ ಕೂಲಿಗಳು ಎಂದು ಬರೆದುಕೊಂಡರು. 1966ರ ಒಂದು ಟಿಪ್ಪಣಿಯಲ್ಲಿ ಅವರನ್ನು ‘ಟಾರ್ಜನ್‌ಗಳು, ಮ್ಯಾನ್ ಫ್ರೈಡೇಗಳು’ ಎಂದು, ಕಥೆಗಳಲ್ಲಿ ಬರುವ ಕಾಡುಮನುಷ್ಯರ ಹೆಸರಿಟ್ಟು, ತಮಾಷೆ ಮಾಡಿದ ಕಡತ ಮುಂದೆ ಕೋರ್ಟಿನಲ್ಲಿ ಹೊರಬಿತ್ತು. ತಲೆತಲಾಂತರದಿಂದ ಹೆಣ ಹೂಳಿದ ಸ್ಮಶಾನ ಕಣ್ಣೆದುರಿಗಿದ್ದವರನ್ನು ಗುತ್ತಿಗೆಯವರು ಎನ್ನುವುದಕ್ಕೆ ಎಂಥ ಎದೆ ಬೇಕು!

1973ರ ಹೊತ್ತಿಗೆ ಸುಮಾರು 1,500ರಿಂದ 2,000 ಜನರನ್ನು ಹೊರಹಾಕಿ ಆಗಿತ್ತು. ಡಿಯೇಗೊ ಗಾರ್ಸಿಯಾ 1971ರಲ್ಲೇ ಖಾಲಿಯಾಯಿತು, ಆಕೆಗೆ ಆಗ ಹತ್ತು ವರ್ಷ. ಆಕೆಗೆ ನೆನಪಿರುವುದು ಹಡಗಲ್ಲ, ನಾಯಿಗಳು. ದ್ವೀಪದ ನಾಯಿಗಳನ್ನೆಲ್ಲ ಕೊಬ್ಬರಿ ಒಣಗಿಸುವ ಗೂಡಿನೊಳಗೆ ಕೂಡಿಹಾಕಿ, ಸೇನಾ ವಾಹನಗಳ ಹೊಗೆ ಒಳಗೆ ಬಿಟ್ಟು ಕೊಂದರು. ಇದು ಮುದುಕಿಯ ಕಟ್ಟುಕಥೆಯಲ್ಲ, ದಾಖಲೆಯಲ್ಲಿರುವ ಸಂಗತಿ. ‘ಅಮ್ಮ ಮಳೆಗಾಲದಲ್ಲಿ ಕೆಲಸ ಮಾಡುತ್ತಿದ್ದ ಗೂಡು ಅದು’ ಎಂದರು, ಮತ್ತೆ ಕೊಬ್ಬರಿಯನ್ನು ಮೂಸಿದರು. ನಾನು ಚಹಾ ಇಡುವ ನೆಪದಲ್ಲಿ ಎದ್ದೆ.

ಮುಂದಿನದೆಲ್ಲ ಕೋರ್ಟು, ಕಾಗದ. 1982ರಲ್ಲಿ 40 ಲಕ್ಷ ಪೌಂಡ್ ಪರಿಹಾರ ಬಂತು; ಓದು ಬಾರದ ಎಷ್ಟೋ ಹೆಂಗಸರು ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಹಿಂದಿರುಗುವ ಹಕ್ಕನ್ನೇ ಬಿಟ್ಟುಕೊಟ್ಟಿದ್ದು ಆಮೇಲೆ ತಿಳಿಯಿತು. 2000ದಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ಚಾಗೋಸಿನವರು ಗೆದ್ದರು. 2004ರಲ್ಲಿ ಸರಕಾರ ಸಂಸತ್ತನ್ನು ಕೇಳದೆ ರಾಣಿಯ ಆಜ್ಞೆಯ ಮೂಲಕ ಆ ಗೆಲುವನ್ನು ಅಳಿಸಿಹಾಕಿತು, 2008ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಮೂವರು–ಇಬ್ಬರ ಬಹುಮತದಿಂದ ಸರಕಾರದ ಪರ ನಿಂತಿತು.

2019ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ ದ್ವೀಪಗಳನ್ನು ಬೇರ್ಪಡಿಸಿದ್ದೇ ಕಾನೂನುಬಾಹಿರ ಎಂದಿತು, ಹದಿಮೂರು ನ್ಯಾಯಾಧೀಶರು ಒಂದು ಕಡೆ, ಒಬ್ಬರು ಮಾತ್ರ ಇನ್ನೊಂದು ಕಡೆ. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮಾರಿಷಸ್ ಪರ 116 ಮತ, ವಿರುದ್ಧ 6. ಭಾರತ ಮಾರಿಷಸ್ ಜೊತೆಗಿತ್ತು. ಆ ದಿನ ನಾನು ಮೀಸೆ ತಿರುವಿಕೊಂಡು ಮೇಲಿನ ಮನೆಗೆ ಹೋಗಿದ್ದೆ. ಆಕೆ ಕೇಳಿದ್ದು ಒಂದೇ: ‘ನಮ್ಮನ್ನು ಯಾರಾದರೂ ಕೇಳಿದರೇ?’ ಮಾರಿಷಸ್‌ನ ರಾಜಧಾನಿ ಪೋರ್ಟ್ ಲೂಯಿಯ ಕೊಳಚೆ ಬೀದಿಗಳಲ್ಲಿ ತನ್ನವರು ಹೇಗೆ ಬದುಕಿದರು ಎಂಬುದನ್ನು ಆಕೆ ಮರೆತಿಲ್ಲ. ಮಾರಿಷಸ್‌ನಲ್ಲೇ ಉಳಿದ ಚಾಗೋಸಿನವರಲ್ಲಿ ಅನೇಕರಿಗೆ ಹೇಗ್‌ನ ಈ ಸಲಹಾ ಅಭಿಪ್ರಾಯ ಹಬ್ಬವೇ ಆಗಿತ್ತು ಎಂಬುದನ್ನೂ ಹೇಳಬೇಕು. ಈ ವಿಷಯದಲ್ಲಿ ಅಕ್ಕತಂಗಿಯರೇ ಮಾತು ಬಿಟ್ಟಿದ್ದಾರೆ.

ನನ್ನ ಮಟ್ಟಿಗೆ ಹೇಗ್‌ನ ಮಾತು ಸರಿ. ಕದ್ದ ನೆಲ ಕದ್ದದ್ದೇ. ಆದರೆ ನೆಲದ ಲೆಕ್ಕ ಚುಕ್ತಾ ಆದೊಡನೆ ಜನರ ಲೆಕ್ಕವೂ ಚುಕ್ತಾ ಆಯಿತೆಂದು ಎರಡು ಸರಕಾರಗಳು ಕೈಕುಲುಕಿಕೊಂಡರೆ ಒಪ್ಪುವುದು ಕಷ್ಟ.

2025ರ ಮೇ 22ರಂದು ಅದೇ ಆಯಿತು. ಚಾಗೋಸ್‌ನಲ್ಲಿ ಹುಟ್ಟಿದ ಇಬ್ಬರು ಹೆಂಗಸರು ಬೆಳಗಿನ ಜಾವ ಕೋರ್ಟಿನಿಂದ ತಡೆ ತಂದರು, ಮಧ್ಯಾಹ್ನದ ಹೊತ್ತಿಗೆ ತಡೆ ತೆರವಾಯಿತು, ಅದೇ ದಿನ ಬ್ರಿಟನ್ನಿನ ಅಂದಿನ ಪ್ರಧಾನಿ ಕೀರ್ ಸ್ಟಾರ್ಮರ್ ಮತ್ತು ಮಾರಿಷಸ್‌ನ ಅಂದಿನ ಪ್ರಧಾನಿ ನವೀನ್ ರಾಮಗೂಲಂ ಒಪ್ಪಂದಕ್ಕೆ ಸಹಿ ಹಾಕಿದರು. 1965ರಲ್ಲಿ ದ್ವೀಪ ಕಳೆದುಕೊಂಡದ್ದು ನವೀನರ ತಂದೆ ಶಿವಸಾಗರ್ ರಾಮಗೂಲಂ ಕಾಲದಲ್ಲಿ. ಒಪ್ಪಂದದ ಪ್ರಕಾರ ಸಾರ್ವಭೌಮತ್ವ ಮಾರಿಷಸ್‌ಗೆ. ಡಿಯೇಗೊ ಗಾರ್ಸಿಯಾ ಮಾತ್ರ ಬ್ರಿಟನ್ ಕೈಯಲ್ಲಿ, ವರ್ಷಕ್ಕೆ ಸರಾಸರಿ 10.1 ಕೋಟಿ ಪೌಂಡ್ ಕೊಟ್ಟು, 99 ವರ್ಷದ ಗುತ್ತಿಗೆ. ಕನ್ನಡದಲ್ಲಿ ಇದಕ್ಕೂ ಅದೇ ಪದ, ನೋಡಿ. ಜನರನ್ನು ಓಡಿಸಲು ಬಳಸಿದ ಪದ ಈಗ ನೆಲವನ್ನು ಉಳಿಸಿಕೊಳ್ಳಲು.

ಮಾರಿಷಸ್ ಬೇಕಾದರೆ ಉಳಿದ ದ್ವೀಪಗಳಲ್ಲಿ ಜನರನ್ನು ನೆಲೆಗೊಳಿಸಬಹುದಂತೆ. ಆಕೆಯ ಊರು ಡಿಯೇಗೊ ಗಾರ್ಸಿಯಾ. ‘ಗುತ್ತಿಗೆ ಮುಗಿಯುವಾಗ ನನಗೆ 163 ವರ್ಷ’ ಎಂದು ಬೆರಳು ಮಡಚಿ ಹೇಳಿದರು.

ಮೊನ್ನೆ ಮೆಟ್ಟಿಲ ಮೇಲೆ ಸಿಕ್ಕಾಗ ತಡೆದು ನಿಲ್ಲಿಸಿದರು. ಮುಂದಿನ ಸಲ ಊರಿಗೆ ಹೋದಾಗ ಚಿಪ್ಪು ಒಡೆಯದ ಒಂದು ಕೊಬ್ಬರಿಕಾಯಿ ತರಬೇಕಂತೆ, ಆ ಲೊಟಲೊಟ ಸದ್ದು ಹೇಗಿರುತ್ತದೆಂದು ಕೇಳಬೇಕಂತೆ.