ಅವತಮಸ: ಸವೆದ ಕತ್ತಲೆಗೊಂದು ಹೆಸರು

30 ಡಿಸೆಂಬರ್ 2024, ಸೋಮವಾರ
ಎಳ್ಳಮಾವಾಸ್ಯೆ

ಸಂಸ್ಕೃತದ ಹಳೆಯ ಪದಕೋಶವಾದ ಅಮರಕೋಶದಲ್ಲಿ ಕತ್ತಲೆ ಎಲ್ಲಿ ಬರುತ್ತದೆ ಗೊತ್ತಾ? ರಾತ್ರಿಯ ಪಕ್ಕದಲ್ಲಿ ಅಲ್ಲ. ರಾತ್ರಿಯ ಹೆಸರುಗಳೆಲ್ಲ ಕಾಲವರ್ಗದಲ್ಲಿ, ಅಂದರೆ ಕಾಲದ ಪದಗಳ ಅಧ್ಯಾಯದಲ್ಲಿವೆ. ಕತ್ತಲೆ ಇರುವುದು ಪಾತಾಳಭೋಗಿ ವರ್ಗದಲ್ಲಿ. ಮೊದಲು ಪಾತಾಳ, ಆಮೇಲೆ ಬಿಲ, ಹಳ್ಳ, ತೂತುಗಳ ಹೆಸರು, ಆಮೇಲೆ ಕತ್ತಲೆ. ಅದು ಮುಗಿದ ಕೂಡಲೇ ಹಾವುಗಳು. ಬಿಲಕ್ಕೂ ಹಾವಿಗೂ ನಡುವೆ ಕತ್ತಲೆ! ಇದಕ್ಕಿಂತ ಸರಿಯಾದ ಜಾಗ ಎಲ್ಲಿತ್ತು ಹೇಳಿ.

ಅಂಧಕಾರ, ಧ್ವಾಂತ, ತಮಿಸ್ರ, ತಿಮಿರ, ತಮಸ್ಸು. ಮೊದಲು ಈ ಐದು ಹೆಸರು. ಇವು ನಮಗೆ ಹೆಚ್ಚುಕಡಿಮೆ ಗೊತ್ತಿರುವವೇ. ಕೋಶ ಬರೆದ ಅಮರಸಿಂಹ ಅಷ್ಟಕ್ಕೇ ಬಿಡುವುದಿಲ್ಲ. ಮುಂದಿನ ಸಾಲಿನಲ್ಲಿ ಕತ್ತಲೆಯನ್ನು ಅಳೆಯುವುದಕ್ಕೇ ಕೂರುತ್ತಾನೆ:

‘ಧ್ವಾಂತೇ ಗಾಢೇಽಂಧತಮಸಂ ಕ್ಷೀಣೇಽವತಮಸಂ ತಮಃ | ವಿಷ್ವಕ್ ಸಂತಮಸಂ…’

ದಟ್ಟವಾಗಿದ್ದರೆ ಅಂಧತಮಸ. ಎಲ್ಲ ಕಡೆ ಹರಡಿಕೊಂಡಿದ್ದರೆ ಸಂತಮಸ. ಸವೆದು ತೆಳ್ಳಗಾಗಿದ್ದರೆ ಅವತಮಸ. ಇವುಗಳಲ್ಲಿ ಮೊದಲನೆಯದರ ನೆಂಟನೊಬ್ಬ ನಮ್ಮ ಕಡೆ ಇನ್ನೂ ಬದುಕಿದ್ದಾನೆ. ಪಾಪಿಗಳು ಹೋಗಿ ಬೀಳುವ ಜಾಗವಾಗಿ ‘ಅಂಧಂತಮಸ್ಸು’ ಮಾಧ್ವರ ಮನೆಗಳಲ್ಲಿ ಕೇಳಿಬರುತ್ತದೆ. ಅವತಮಸವನ್ನು ಮಾತ್ರ ಯಾರೂ ಕೇಳುವವರಿಲ್ಲ. ನನಗೆ ತುಂಬಾ ಇಷ್ಟವಾದದ್ದು ಅದೇ.

‘ನಸುಕು ಅಂತ ಒಳ್ಳೇ ಕನ್ನಡ ಪದ ಇದೆಯಲ್ಲ, ಇದ್ಯಾಕೆ?’ ಅಂತ ಯಾರಾದರೂ ಕೇಳಬಹುದು. ಇದೆ, ನಾನೂ ದಿನಾ ಅದನ್ನೇ ಆಡುವುದು. ಆದರೆ ನಸುಕು ಅಂದಮೇಲೆ ಅದು ಬೆಳಗಿನ ಜಾವವೇ. ಮುಸ್ಸಂಜೆ ಅಂದರೆ ಸಂಜೆಯೇ. ಎರಡಕ್ಕೂ ಗಡಿಯಾರದ ಹಂಗಿದೆ. ಅವತಮಸಕ್ಕೆ ಇಲ್ಲ. ಅದು ಹೊತ್ತು ಹೇಳುವುದಿಲ್ಲ, ಕತ್ತಲೆ ಎಷ್ಟು ಉಳಿದಿದೆ ಅನ್ನುವುದನ್ನಷ್ಟೇ ಹೇಳುತ್ತದೆ. ಕತ್ತಲೆಯನ್ನು ಕಾಲವರ್ಗದಿಂದ ದೂರ ಇಟ್ಟವನು ಹೀಗೆ ಅಳೆದದ್ದು ನನಗೆ ಸಹಜವಾಗಿಯೇ ಕಾಣುತ್ತದೆ. ಮಬ್ಬುಗತ್ತಲೆ ಅನ್ನುವ ನಮ್ಮ ಮಾತು ಇದಕ್ಕೆ ತೀರಾ ಹತ್ತಿರ. ಆದರೂ ಮಬ್ಬಿನಲ್ಲಿ ಸ್ವಲ್ಪ ಮಂಜು, ಸ್ವಲ್ಪ ಮೋಡ, ಸ್ವಲ್ಪ ನಿದ್ದೆಗಣ್ಣು ಎಲ್ಲ ಸೇರಿಕೊಂಡಿರುತ್ತದೆ, ಅಲ್ವಾ?

ಬೇಲೂರಿನ ಚೆನ್ನಕೇಶವನ ಗುಡಿಗೆ ಮಟಮಟ ಮಧ್ಯಾಹ್ನ ಹೋಗಿ ನೋಡಿ. ಅಂಗಳದ ಕಲ್ಲು ಕಾಲು ಸುಡುತ್ತಿರುತ್ತದೆ. ಹೊಸ್ತಿಲು ದಾಟಿ ನವರಂಗಕ್ಕೆ, ಅಂದರೆ ಒಳಗಿನ ಕಂಬಗಳ ಮಂಟಪಕ್ಕೆ, ಕಾಲಿಟ್ಟರೆ ಮೊದಲು ಏನೂ ಕಾಣುವುದಿಲ್ಲ. ಸುಮ್ನೆ ಒಂದು ಗಳಿಗೆ ನಿಂತರೆ ಕಲ್ಲಿನ ಜಾಲಂಧ್ರದ ತೂತುಗಳಿಂದ ಬರುವ ಬೆಳಕು ಒಂದೊಂದಾಗಿ ಕಂಬ ಹಿಡಿಯುತ್ತದೆ. ಕಂಬದ ನುಣುಪಾದ ಬಳೆ ಹೊಳೆಯುತ್ತದೆ, ಎರಡು ಬಳೆಗಳ ನಡುವಿನ ಸಂದು ಕಪ್ಪಾಗಿಯೇ ಇರುತ್ತದೆ. ಆ ಕತ್ತಲೆಗೆ ನಸುಕು ಅನ್ನಲಾದೀತೇ? ಅವತಮಸ ಅನ್ನಬಹುದು. ಹನ್ನೆರಡು ಗಂಟೆ ಹಗಲಲ್ಲೂ ಅನ್ನಬಹುದು.

ಕತ್ತಲೆ ಒಂದು ವಸ್ತುವೋ ಅಥವಾ ಬೆಳಕು ಇಲ್ಲದಿರುವುದೋ ಅಂತ ನಮ್ಮ ಶಾಸ್ತ್ರಕಾರರು ಬಹಳ ಜಗಳವಾಡಿದ್ದಾರೆ. ನ್ಯಾಯದರ್ಶನದವರಾದ ನೈಯಾಯಿಕರು ಅದು ಬರೀ ಬೆಳಕಿನ ಅಭಾವ ಅಂದರು. ಕುಮಾರಿಲ ಭಟ್ಟನ ಹಾದಿಯ ಭಾಟ್ಟ ಮೀಮಾಂಸಕರು ಒಪ್ಪಲಿಲ್ಲ. ಅದಕ್ಕೆ ಬಣ್ಣ ಇದೆ, ಅದು ಚಲಿಸುತ್ತದೆ, ಹಾಗಾಗಿ ಅದು ದ್ರವ್ಯವೇ ಅಂದರು. ಭೌತಶಾಸ್ತ್ರ ಓದಿದವರು ನೈಯಾಯಿಕರ ಕಡೆ ನಿಲ್ಲಬೇಕು, ಸರಿ. ಬೇಲೂರಿನ ನವರಂಗದಲ್ಲಿ ನಿಂತಾಗ ಮಾತ್ರ ನನ್ನ ಓಟು ಮೀಮಾಂಸಕರಿಗೆ.

ಈ ಪದವನ್ನು ಬಳಸುವುದು ಹೇಗೆ ಅನ್ನುವುದನ್ನು ಸಂಸ್ಕೃತ ಕವಿ ಮಾಘನ ಹತ್ತಿರ ಕಲಿಯಬೇಕು. 7ನೇ ಶತಮಾನದ ಅವನ ‘ಶಿಶುಪಾಲವಧ’ದಲ್ಲಿ 11ನೇ ಸರ್ಗ ಪೂರ್ತಿ ಬೆಳಗಿನ ವರ್ಣನೆ. ಅದರಲ್ಲೊಂದು ಪದ್ಯ ‘ಅವತಮಸಭಿದಾಯೈ’ ಅಂತಲೇ ಶುರುವಾಗುತ್ತದೆ. ಅಳಿದುಳಿದ ಕತ್ತಲೆಯನ್ನು ಒಡೆಯಲು ಸೂರ್ಯ ಎದ್ದ. ಜೊತೆಗೇ ನೋಡಲು ಚೆಂದವಾಗಿದ್ದ ನಕ್ಷತ್ರಗಳನ್ನೂ ಬಲವಂತವಾಗಿ ಅಟ್ಟಿದ. ಪಾಪ, ಅವೇನು ಮಾಡಿದ್ದವು? ಕವಿ ಕಾರಣ ಹೇಳುತ್ತಾನೆ: ಶತ್ರುವನ್ನು ಕಿತ್ತೊಗೆಯಲು ಹೊರಟವನಿಗೆ, ಆ ಶತ್ರುವಿನ ಆಸರೆಯಲ್ಲಿ ಸಿರಿ ಕಂಡವರೂ ಕೊಲ್ಲಬೇಕಾದವರ ಪಕ್ಷವೇ.

ಇಲ್ಲಿ ತಮಸ್ಸು ಅಂತ ಬರೆದಿದ್ದರೆ ಸೂರ್ಯನ ಪರಾಕ್ರಮ ದೊಡ್ಡದಾಗುತ್ತಿತ್ತು, ಅಷ್ಟೇ. ಅವತಮಸ ಅಂದದ್ದರಿಂದ ಪದ್ಯಕ್ಕೆ ಒಂದು ನೋವು ಬಂತು. ಶತ್ರು ಆಗಲೇ ಅರ್ಧ ಸತ್ತಿದ್ದಾನೆ. ಗೆಲುವು ಕೈಗೆ ಬಂದಾಗಿದೆ. ಆದರೂ ಅವನ ಕಡೆಯವರಿಗೆ ಉಳಿಗಾಲವಿಲ್ಲ.

ಈಗ ಧನುರ್ಮಾಸ. ನಕ್ಷತ್ರ ಇರುವಾಗಲೇ ಪೂಜೆ ಆಗಬೇಕು ಅಂತ ಅಮ್ಮನ ಹಟ. ಇವತ್ತು ಹುಗ್ಗಿ ಸ್ವಲ್ಪ ತಡವಾಯಿತು. ‘ಇನ್ನೂ ಇದ್ಯಾ ನೋಡ್ಕೊಂಡು ಬಾ’ ಅಂತ ಅಡುಗೆಮನೆಯಿಂದಲೇ ಕೂಗಿದರು. ಆರೂಕಾಲು ಆಗಿತ್ತು. ತಾರಸಿ ಹತ್ತಿ ನೋಡಿದರೆ ಸಪ್ತರ್ಷಿಗಳು ಕರಗುತ್ತಿದ್ದರು. ಪಶ್ಚಿಮಕ್ಕೆ ಮಂಗಳ ಕೆಂಪಗಿದ್ದ. ಪೂರ್ವದ ಕಡೆ ಮೇಲೆ ಸ್ವಾತಿ ಚೆನ್ನಾಗಿಯೇ ಇತ್ತು. ‘ಸ್ವಾತಿ ಇದೆ ಅಮ್ಮಾ’ ಅಂದೆ. ‘ಒಂದಿದ್ರೂ ಸಾಕು’ ಅಂದವರೇ ಗಂಟೆ ಬಾರಿಸಿದರು.

ಬರೆಯುವವರಿಗೆ ಒಂದು ಮಾತು. ‘ಅವತಮಸ್ಸು’ ಅಂತ ಬರೆಯಬೇಡಿ. ಅವ, ಸಮ್, ಅಂಧ ಈ ಮೂರರ ಮುಂದೆ ತಮಸ್ ಬಂದರೆ ಅದು ‘ತಮಸ’ ಆಗುತ್ತದೆ ಅಂತ ಸಂಸ್ಕೃತಕ್ಕೆ ವ್ಯಾಕರಣ ಬರೆದ ಪಾಣಿನಿ ಬೇರೆಯೇ ಒಂದು ಸೂತ್ರ ಬರೆದಿದ್ದಾನೆ: ‘ಅವಸಮಂಧೇಭ್ಯಸ್ತಮಸಃ’ (5.4.79). ಅಮರ ಅಳತೆ ಹೇಳಿದ ಮೂರು ಕತ್ತಲೆಗಳೂ ಆ ಒಂದೇ ಸೂತ್ರದಲ್ಲಿವೆ. ಕೊನೆಯಲ್ಲಿ ಅಕಾರ ಇರುವುದರಿಂದ ನಮ್ಮ ವಿಭಕ್ತಿಗಳೂ ಸಲೀಸಾಗಿ ಅಂಟಿಕೊಳ್ಳುತ್ತವೆ: ಅವತಮಸದಲ್ಲಿ, ಅವತಮಸಕ್ಕೆ, ಅವತಮಸದ.