ಮಾರುವಂತಿಲ್ಲ, ಕೊಡಬಹುದು: ಕೈಕೆಲಸದ ಗಂಟಿನೊಂದಿಗೆ ಏಳು ರಾತ್ರಿಯ ಕ್ರೂಸ್

ಅಮೆರಿಕದ ಮಯಾಮಿಯಿಂದ ಹೊರಟು ಬಹಾಮಾಸ್‌ನ ನಸ್ಸೌ, ಪೋರ್ಟೊ ರಿಕೊದ ಸ್ಯಾನ್ ಹುವಾನ್, ಅಮೆರಿಕದ ವರ್ಜಿನ್ ದ್ವೀಪಗಳ ಸೇಂಟ್ ಥಾಮಸ್ ಮುಟ್ಟಿ ಎಂಟನೆಯ ಬೆಳಿಗ್ಗೆ ಮತ್ತೆ ಮಯಾಮಿಗೆ ಮರಳುವ ದಾರಿ ಕೆರಿಬಿಯನ್ ಕ್ರೂಸ್‌ಗಳಲ್ಲಿ ಮಾಮೂಲಿನದು. ಹಡಗಿನ ತುಂಬ ಸಾವಿರಾರು ಜನ, ನಡುನಡುವೆ ನೆಲ ಕಾಣದ ಪೂರ್ತಿ ದಿನಗಳು, ಎಲ್ಲರಿಗೂ ಬೇಕಾದಷ್ಟು ಪುರುಸೊತ್ತು. ಕ್ರೋಷೆ ಹಾಕುವವರಿಗೆ, ಮಣಿ ಪೋಣಿಸುವವರಿಗೆ ಇದಕ್ಕಿಂತ ಒಳ್ಳೆಯ ಸಂತೆ ಇನ್ನೆಲ್ಲಿ ಸಿಕ್ಕೀತು ಎನ್ನಿಸುವುದು ಸಹಜ. ಹೀಗೆಂದುಕೊಂಡು ಒಂದು ಸೂಟ್‌ಕೇಸ್ ತುಂಬ ಸರಕು ಹೊತ್ತು ಬರುವವರು ಇದ್ದಾರೆ. ಆದರೆ ಆ ಲೆಕ್ಕ ಹಡಗು ಹತ್ತುವ ಮೊದಲೇ, ಟಿಕೆಟ್ ಕರಾರಿನ ಸಣ್ಣಕ್ಷರಗಳಲ್ಲೇ ಮುಗಿದುಹೋಗಿರುತ್ತದೆ.

ಕಂಪನಿಯ ಒಪ್ಪಿಗೆಯಿಲ್ಲದೆ ಪ್ರಯಾಣಿಕರು ಸಹಪ್ರಯಾಣಿಕರಿಗೆ ಸರಕು ಅಥವಾ ಸೇವೆ ಮಾರುವಂತಿಲ್ಲ, ಅದರ ಪ್ರಚಾರವನ್ನೂ ಮಾಡುವಂತಿಲ್ಲ ಎಂಬ ಷರತ್ತು ದೊಡ್ಡ ಕಂಪನಿಗಳ ಕರಾರುಗಳಲ್ಲಿ ಸಾಮಾನ್ಯ. ಇದು ಬರೀ ಜಿಪುಣತನವಲ್ಲ. ಹಡಗಿನ ಅಂಗಡಿಗಳನ್ನು ನಡೆಸುವವರು ಹೆಚ್ಚಾಗಿ ಗುತ್ತಿಗೆದಾರರು. ಮಾರಾಟದಲ್ಲಿ ಪಾಲು ಕೊಟ್ಟು ಜಾಗ ಹಿಡಿದವರು. ಚಿತ್ರಗಳ ಹರಾಜು, ಸ್ಪಾ ಕೂಡ ಬಹುಪಾಲು ಹೀಗೆಯೇ. ಇದಲ್ಲದೆ ಸುಂಕದ ಕಟ್ಟೂ ಇದೆ. ಬಂದರಿನಲ್ಲಿ ನಿಂತಾಗ ಹಡಗಿನ ಡ್ಯೂಟಿ ಫ್ರೀ ಅಂಗಡಿಗಳು ಸಾಮಾನ್ಯವಾಗಿ ಬಾಗಿಲು ಹಾಕಿರುತ್ತವೆ. ದಡದಿಂದ 12 ನಾಟಿಕಲ್ ಮೈಲಿಯ ಪ್ರಾದೇಶಿಕ ಜಲ ದಾಟಿದ ಮೇಲೆ ಮತ್ತೆ ತೆರೆಯುತ್ತವೆ. ಅಂಗಡಿಯವನಿಗೇ ಇಷ್ಟು ಕಟ್ಟುಪಾಡು ಇರುವಾಗ ಪ್ರಯಾಣಿಕನ ಸೂಟ್‌ಕೇಸಿಗೆ ವಿನಾಯಿತಿ ಸಿಗುವುದಿಲ್ಲ. ಹಣದ ತೊಡಕು ಬೇರೆ: ಹಡಗಿನಲ್ಲಿ ಕಾಫಿಯಿಂದ ಹಿಡಿದು ಎಲ್ಲವೂ ಕ್ಯಾಬಿನ್ ಕಾರ್ಡಿನ ಖಾತೆಗೆ ಬೀಳುತ್ತದೆ, ನಗದು ಇಟ್ಟುಕೊಂಡು ಓಡಾಡುವವರು ಕಡಿಮೆ.

ಕದ್ದು ಮಾರಿದವರು ಸಿಕ್ಕಿಬೀಳುವುದು ಬಾಗಿಲಿಗೆ ಅಂಟಿಸಿದ ಬೆಲೆಪಟ್ಟಿಯಿಂದ, ಲಾಬಿಯ ಮೇಜಿನ ಮೇಲೆ ಹರಡಿದ ತಟ್ಟೆಯಿಂದ, ಇಲ್ಲವೇ ಪಕ್ಕದ ಕ್ಯಾಬಿನ್‌ನವರ ದೂರಿನಿಂದ. ಮೊದಲು ಮೆತ್ತಗೆ ಎಚ್ಚರಿಕೆ ಬರುತ್ತದೆ. ಕೇಳದಿದ್ದರೆ, ನಿಯಮ ಮುರಿದವರನ್ನು ಅವರದೇ ಖರ್ಚಿನಲ್ಲಿ ಮುಂದಿನ ಬಂದರಿನಲ್ಲಿ ಇಳಿಸುವ ಹಕ್ಕು ಕರಾರಿನಲ್ಲೇ ಇರುತ್ತದೆ. ಪಯಣಕ್ಕೆ ಮೊದಲೇ ಆರ್ಡರ್ ಪಡೆದು, ಹಡಗಿನಲ್ಲಿ ಕೈಗೆ ಕೊಟ್ಟು ಹಣ ಇಸಿದುಕೊಳ್ಳುವ ಜಾಣತನವೂ ವ್ಯಾಪಾರವೇ. ಅಷ್ಟು ಬೇಡಿಕೆ ಇದ್ದರೆ ಹೊರಡುವ ಮುಂಚೆಯೇ ಅಂಚೆಯಲ್ಲಿ ಕಳಿಸಿ ಮುಗಿಸುವುದು ಒಳ್ಳೆಯದು.

ಆದರೆ ಕೈಕೆಲಸಕ್ಕೆ ಹಡಗು ಹೇಳಿ ಮಾಡಿಸಿದ ಜಾಗ. ಅದರ ಸುಖ ದುಃಖ ಎರಡೂ ಟರ್ಮಿನಲ್‌ನ ಎಕ್ಸ್‌ರೇ ಯಂತ್ರದ ಬಳಿಯೇ ಶುರು. ಹೆಣಿಗೆ ಕಡ್ಡಿ, ಕ್ರೋಷೆ ಕೊಕ್ಕೆಗೆ ಸಾಮಾನ್ಯವಾಗಿ ತಕರಾರಿಲ್ಲ. ಕತ್ತರಿಯ ಅಲಗು 4 ಇಂಚಿಗಿಂತ ಕಡಿಮೆ ಇರಬೇಕು ಎನ್ನುವುದು ಹಲವು ಕಂಪನಿಗಳ ನಿಯಮ. ಬ್ಲೇಡು ಹಾಕುವ ಕ್ರಾಫ್ಟ್ ಚಾಕು, ಇಸ್ತ್ರಿಪೆಟ್ಟಿಗೆ, ಬಿಸಿ ಅಂಟಿನ ಗನ್, ಮೇಣದಬತ್ತಿ ತರುವ ಯೋಚನೆ ಬಿಡಿ. ಬೆಂಕಿಗೆ ಹಡಗಿನವರು ಹೆದರುವಷ್ಟು ಬಿರುಗಾಳಿಗೂ ಹೆದರುವುದಿಲ್ಲ. ಅಂಟಿಸುವುದು, ಇಸ್ತ್ರಿ ಮಾಡುವುದು ಏನಿದ್ದರೂ ಮನೆಯಲ್ಲೇ ಮುಗಿದಿರಲಿ.

ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ದಿಢೀರ್ ಏರಿದಾಗ ತಡೆಯುವ ಸಾಧನ) ಇರುವ ಎಕ್ಸ್‌ಟೆನ್ಶನ್ ಬೋರ್ಡನ್ನು ಏಕೆ ಕಿತ್ತುಕೊಳ್ಳುತ್ತಾರೆ ಎಂದು ಸಿಟ್ಟಾಗುವವರು ಬಹಳ. ಕಾರಣ ಇದು: ಮನೆಯ ವೈರಿಂಗ್‌ನಲ್ಲಿ ಒಂದು ತಂತಿ ಲೈವ್, ಇನ್ನೊಂದು ಭೂಮಿಗೆ ಸೇರಿದ ನ್ಯೂಟ್ರಲ್. ಎಷ್ಟೋ ಹಡಗುಗಳಲ್ಲಿ ನ್ಯೂಟ್ರಲ್ಲನ್ನು ಹಡಗಿನ ಒಡಲಿಗೆ ಸೇರಿಸಿರುವುದಿಲ್ಲ, ಎರಡು ತಂತಿಗಳಲ್ಲೂ ವೋಲ್ಟೇಜ್ ಇರುತ್ತದೆ. ಎಲ್ಲೋ ಒಂದು ತಂತಿ ಹಡಗಿನ ಲೋಹಕ್ಕೆ ತಾಗಿದರೆ ಪ್ರೊಟೆಕ್ಟರ್‌ನ ಒಳಗಿನ ಬಿಡಿಭಾಗ ಕಾದು ಹೊತ್ತಿಕೊಳ್ಳಬಹುದು. ಅಮೆರಿಕದ ಕೋಸ್ಟ್ ಗಾರ್ಡ್ 2013ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ದೀಪಕ್ಕೆ ಯುಎಸ್‌ಬಿಯಲ್ಲಿ ಚಾರ್ಜ್ ಆಗುವ, ಕುತ್ತಿಗೆಗೆ ನೇತುಹಾಕಿಕೊಳ್ಳುವ ಪುಟ್ಟ ಲೈಟ್ ಸಾಕು. ಕ್ಯಾಬಿನ್ ಬೆಳಕು ಮಂದ, ಕಪ್ಪು ನೂಲಿನಲ್ಲಿ ಕುಣಿಕೆ ಎಣಿಸಲು ಆಗುವುದಿಲ್ಲ.

ನೂಲಿನ ಲಡಿಗಳನ್ನು ಮೊದಲೇ ಉಂಡೆ ಸುತ್ತಿ ತನ್ನಿ. ಉದ್ದ ಕಡ್ಡಿಗಿಂತ, ಎರಡು ಗಿಡ್ಡ ಕಡ್ಡಿಗಳನ್ನು ಬಾಗುವ ಎಳೆಯಿಂದ ಸೇರಿಸಿದ ವರ್ತುಲ ಕಡ್ಡಿ ಮೇಲು. ಉದ್ದದ್ದು ಜಾರಿದರೆ ಹಡಗಿನ ಓಲಾಟಕ್ಕೆ ಸೋಫಾದ ಅಡಿ ಉರುಳಿ ಹೋಗುತ್ತದೆ. ಮಣಿಗೆ ಅಂಚಿರುವ ತಟ್ಟೆ, ಅದರೊಳಗೆ ದಪ್ಪ ಬಟ್ಟೆ. ಅಚ್ಚಿಗೆ ಹೊಯ್ಯುವ ಎಪಾಕ್ಸಿ ರೆಸಿನ್ ದ್ರವ ತರಬೇಡಿ: ಗಟ್ಟಿಯಾಗುವವರೆಗೆ ಅದಕ್ಕೆ ಅಲುಗದ ಸಮತಟ್ಟು ಬೇಕು, ಹಡಗಿನಲ್ಲಿ ಇಲ್ಲದ್ದು ಅದೊಂದೇ. ತಲೆಸುತ್ತು ಬರುವವರು ಮೂತಿಯ ಕಡೆಯ ಎತ್ತರದ ಲೌಂಜ್ ಬಿಟ್ಟು ನಡುಭಾಗದ ಕೆಳ ಡೆಕ್‌ನಲ್ಲಿ ಕೂರಬೇಕು, ಓಲಾಟ ಅಲ್ಲೇ ಕಡಿಮೆ.

ಎರಡನೆಯ ದಿನ ನಸ್ಸೌ. ಬೇ ಸ್ಟ್ರೀಟಿನ ಸ್ಟ್ರಾ ಮಾರ್ಕೆಟ್ 2001ರಲ್ಲಿ ಸುಟ್ಟುಹೋಗಿ, ಹೊಸ ಕಟ್ಟಡ 2011ರಲ್ಲಿ ತೆರೆಯಿತು. ತಾಳೆ ಜಾತಿಯ ಮರದ ಗರಿ ಹೆಣೆದು, ಆ ಜಡೆಗಳನ್ನು ಸುತ್ತಿ ಹೊಲಿದ ಬುಟ್ಟಿ, ಟೋಪಿ ಇಲ್ಲಿನ ಹಳೆಯ ಕಸುಬು. ಹೊರಗಿನಿಂದ ಬಂದ ಅಗ್ಗದ ಮಾಲೂ ಪಕ್ಕದಲ್ಲೇ ಇರುತ್ತದೆ, ಆದ್ದರಿಂದ ಹೊಲಿಗೆ ನೋಡಿ, ಯಾರು ಹೆಣೆದದ್ದೆಂದು ಕೇಳಿ ಕೊಳ್ಳಬೇಕು. ಹಡಗಿನಲ್ಲಿ ಆಗದ ವ್ಯಾಪಾರವನ್ನು ದಡದಲ್ಲಿ ಮಾಡೋಣವೆಂದರೆ ಅದೂ ಆಗದು. ಪ್ರಯಾಣಿಕರು ಇಳಿಯುವುದು ಪ್ರವಾಸಿಗರಾಗಿ. ಅಂಗಡಿ ಹಾಕಲು ಆ ದೇಶದ ಪರವಾನಗಿ ಬೇಕು.

ಮೂರನೆಯ ದಿನ ಬರೀ ನೀರು, ಹೆಣೆಯುವವರ ದಿನ. ಕ್ಯುನಾರ್ಡ್ ಕಂಪನಿಯ ಹಡಗುಗಳ ದಿನಚರಿಯಲ್ಲಿ ‘ನಿಟರ್ಸ್ ಅಂಡ್ ನ್ಯಾಟರ್ಸ್’ ಎಂಬ ಕೂಟವೇ ಇರುತ್ತದೆ, ಹೆಣೆಯುತ್ತ ಹರಟೆ ಹೊಡೆಯಲು. ಇಲ್ಲದ ಹಡಗಿನಲ್ಲಿ ಹತ್ತಿದ ದಿನವೇ ಗೆಸ್ಟ್ ಸರ್ವೀಸಸ್‌ನಲ್ಲಿ ಕೇಳಿದರೆ ಕಾರ್ಡ್ ರೂಮಿನ ಮೇಜು ಸಿಗುವುದುಂಟು. ಕೂಟದವರು ಸೇರಿ ಒಂದು ಕಂಬಳಿ ಹೆಣೆದು ದಾನ ಕೊಡುವುದೂ ಇದೆ: 15 ಸೆಂಟಿಮೀಟರಿನ 48 ಚೌಕಗಳು, ಅಡ್ಡ 6, ಉದ್ದ 8, ಒಟ್ಟು 90 × 120 ಸೆಂ.ಮೀ. ಕೆಡುವುದು ಅಳತೆಯಲ್ಲಿ. ಒಬ್ಬರ ಕೈ ಬಿಗಿ, ಇನ್ನೊಬ್ಬರದು ಸಡಿಲ. ಕುಣಿಕೆ ಎಣಿಸಿ ಹೆಣೆದರೆ ಚೌಕಗಳು ಒಂದಕ್ಕೊಂದು ಕೂಡುವುದಿಲ್ಲ. ಒಂದೇ ದಪ್ಪದ ನೂಲು ಹಂಚಿ, ಸ್ಕೇಲ್ ಇಟ್ಟು ಅಳೆಯಬೇಕು. ಇಸ್ತ್ರಿ ಇಲ್ಲವಾದ್ದರಿಂದ ಒದ್ದೆ ಮಾಡಿ ಟವೆಲ್ಲಿಗೆ ಪಿನ್ ಚುಚ್ಚಿಟ್ಟರೆ ಎಸಿಯ ಗಾಳಿಗೆ ಒಣಗಿ ಆಕಾರಕ್ಕೆ ಬರುತ್ತದೆ. ದಾನಕ್ಕಾಗಿಯೇ ಆದರೂ ಹರಾಜು ಹಾಕುವುದಾದರೆ ಹಡಗಿನ ಒಪ್ಪಿಗೆ ಬೇಕು.

ಕೊಡುಕೊಳ್ಳುವ ಆಟ ಮಾತ್ರ ಭರ್ಜರಿ. ಡಿಸ್ನಿ ಹಡಗುಗಳ ಕ್ಯಾಬಿನ್ ಬಾಗಿಲ ಪಕ್ಕ ಮೀನಿನಂಥ ಆಕಾರದ ಲೋಹದ ಕೊಕ್ಕೆ ಇರುತ್ತದೆ. ಅದಕ್ಕೆ ಜೇಬುಗಳಿರುವ ಬಟ್ಟೆಯ ಪಟ್ಟಿ ತೂಗುಹಾಕಿ, ಗುಂಪಿನವರು ಒಬ್ಬರ ಜೇಬಿಗೆ ಇನ್ನೊಬ್ಬರು ಉಡುಗೊರೆ ಹಾಕುತ್ತಾರೆ. ಇದಕ್ಕೆ ‘ಫಿಶ್ ಎಕ್ಸ್‌ಟೆಂಡರ್’ ಎನ್ನುತ್ತಾರೆ. ಗುಂಪು ಹತ್ತು ಕ್ಯಾಬಿನ್‌ಗೆ ನಿಂತರೆ ಚೆನ್ನ. ತಮ್ಮದನ್ನು ಬಿಟ್ಟು ಉಳಿದ ಒಂಬತ್ತಕ್ಕೆ, ಕ್ಯಾಬಿನ್‌ಗೆ ನಾಲ್ವರಂತೆ ಹಿಡಿದರೂ 36 ವಸ್ತು ಮಾಡಬೇಕು, ಇಪ್ಪತ್ತು ಕ್ಯಾಬಿನ್ ಎಂದು ಹುರುಪಿನಿಂದ ಒಪ್ಪಿಕೊಂಡವರು ರಜೆಯಿಡೀ ಗಂಟು ಹಾಕುತ್ತ ಕೂರಬೇಕಾಗುತ್ತದೆ. ಬೇರೆ ಹಡಗುಗಳಲ್ಲಿ ಬಾಗಿಲುಗಳು ಹೆಚ್ಚಾಗಿ ಉಕ್ಕಿನವು, ಪಟ್ಟಿ ತೂಗುಹಾಕಲು ಅಯಸ್ಕಾಂತ ಹಿಡಿಯುತ್ತದೆ. ಟೇಪ್ ಬಣ್ಣ ಕೀಳುತ್ತದೆ, ಬಾಗಿಲ ಮೇಲಂಚಿಗೆ ಸಿಕ್ಕಿಸುವ ಕೊಕ್ಕೆ ಅಂಚನ್ನು ಜಖಂ ಮಾಡುತ್ತದೆ.

ಎಲ್ಲರೂ ಬಳಸುವ ಉಡುಗೊರೆ ಎಂದರೆ ಕ್ಯಾಬಿನ್ ಕಾರ್ಡನ್ನು ಕತ್ತಿಗೆ ನೇತುಹಾಕುವ ಲ್ಯಾನ್‌ಯಾರ್ಡ್. 2 ಸೆಂ.ಮೀ. ಅಗಲ, 90 ಸೆಂ.ಮೀ. ಉದ್ದದ ಪಟ್ಟಿ, ತುದಿಯಲ್ಲಿ ತಿರುಗುವ ಕೊಕ್ಕೆ, ಕತ್ತಿನ ಹಿಂದೆ ಎಳೆದರೆ ಬಿಚ್ಚಿಕೊಳ್ಳುವ ಪ್ಲಾಸ್ಟಿಕ್ ಕ್ಲಿಪ್. ಮಕ್ಕಳಿಗಾದರೆ ಆ ಕ್ಲಿಪ್ ಇರಲೇಬೇಕು. ಅಯಸ್ಕಾಂತದ ಕೊಂಡಿ ಬೇಡ, ಮ್ಯಾಗ್ನೆಟಿಕ್ ಪಟ್ಟಿಯ ಕಾರ್ಡಿದ್ದರೆ ಅಳಿಸಿಹೋಗಿ ಬಾಗಿಲು ತೆರೆಯುವುದಿಲ್ಲ. ಕಾರ್ಡಿಗೆ ತೂತು ಹಾಕುವುದಕ್ಕಿಂತ ಪ್ಲಾಸ್ಟಿಕ್ ಕವಚ ಲೇಸು, ಒಳಗೆ ಆಂಟೆನಾ ತಂತಿ ಇರುವ ಕಾರ್ಡುಗಳೂ ಇವೆ.

ನಿಜಕ್ಕೂ ಮಾರಲೇಬೇಕೆಂದರೆ ಇರುವ ನೇರ ದಾರಿ ಗುಂಪು ಬುಕಿಂಗ್. ಹೆಣಿಗೆಯವರಿಗೆಂದೇ ಏಜೆಂಟರು ಕ್ರೂಸ್ ಏರ್ಪಡಿಸುತ್ತಾರೆ. ಎಂಟು ಕ್ಯಾಬಿನ್, ಹದಿನಾರು ಜನ ಸೇರಿದರೆ ಗುಂಪೆಂದು ಎಣಿಸುವುದು ರೂಢಿ. ಸಭಾಕೋಣೆ ಕೇಳಬಹುದು, ಮುಚ್ಚಿದ ಬಾಗಿಲೊಳಗೆ ಆ ಗುಂಪಿಗಷ್ಟೇ ನೂಲು ಮಾರಲು ಅನುಮತಿಯನ್ನೂ ಕೇಳಬಹುದು. ಅನುಮತಿ ಲಿಖಿತವಾಗಿರಬೇಕು, ಮುಂಗಡ ಕಟ್ಟುವ ಮೊದಲೇ ಕೈಗೆ ಬಂದಿರಬೇಕು. ಫೋನಿನಲ್ಲಿ ‘ಆಗಬಹುದು’ ಎಂದವರು ಹಡಗಿನಲ್ಲಿ ಇರುವುದಿಲ್ಲ. ಸರಕಿನ ಪೆಟ್ಟಿಗೆಗಳನ್ನು ಸ್ವಂತ ಲಗೇಜಿನಂತೆ ತರಬಹುದೇ ಎಂಬುದನ್ನೂ ಆಗಲೇ ಕೇಳಿಕೊಳ್ಳಿ. ಕೋಣೆಯ ಸಮಯ ಸಮುದ್ರದ ದಿನವೇ ಇರಲಿ. ಬಂದರಿನ ದಿನ ಕೊಟ್ಟರೆ ಗಿರಾಕಿಗಳೆಲ್ಲ ದಡದಲ್ಲಿರುತ್ತಾರೆ.

ಸೇಂಟ್ ಥಾಮಸ್‌ನಲ್ಲಿ ಆಭರಣದ ಅಂಗಡಿಗಳ ಸಾಲು. ಆಮೆಚಿಪ್ಪಿನದೆಂದರೆ ಮುಟ್ಟಬೇಡಿ, ಕಡಲಾಮೆಗಳೆಲ್ಲ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿವೆ. ಕಪ್ಪು ಹವಳ ಎರಡನೆಯ ಪಟ್ಟಿಯಲ್ಲಿದೆ, ಕಾಗದಪತ್ರ ಕೇಳಿಯೇ ಕೊಳ್ಳಬೇಕು. ಕ್ವೀನ್ ಕಾಂಚ್ ಶಂಖವೂ 1992ರಿಂದ ಅದೇ ಪಟ್ಟಿಯಲ್ಲಿದೆ. ಸ್ವಂತಕ್ಕೆ ತಲೆಗೆ ಮೂರರವರೆಗೆ ಪರವಾನಗಿ ಬೇಡ ಎಂಬುದು ಒಪ್ಪಂದದ ರಿಯಾಯಿತಿ.

ಮಯಾಮಿಯಲ್ಲಿ ಇಳಿಯುವ ಹಿಂದಿನ ರಾತ್ರಿ ಸೂಟ್‌ಕೇಸ್‌ಗಳನ್ನು ಬಾಗಿಲ ಹೊರಗೆ ಇಟ್ಟುಬಿಡಬೇಕು, ಆದ್ದರಿಂದ ಬೀಜ, ತಾಳೆಗರಿ, ಒಣಹುಲ್ಲಿನಲ್ಲಿ ಮಾಡಿದ ವಸ್ತುಗಳು, ಅವುಗಳ ರಸೀದಿಗಳು ಕೈಚೀಲಕ್ಕೆ ಬರಲಿ. ಕೃಷಿ ತಪಾಸಣೆಯವರು ಮೊದಲು ಕೇಳುವುದು ಅವನ್ನೇ. ಅಮೆರಿಕದ ನಿವಾಸಿಗಳಿಗೆ ಸಾಮಾನ್ಯವಾಗಿ 800 ಡಾಲರ್‌ವರೆಗೆ, ಸೇಂಟ್ ಥಾಮಸ್ ಇರುವ ಅಮೆರಿಕದ ವರ್ಜಿನ್ ದ್ವೀಪಗಳ ಖರೀದಿ ಸೇರಿದರೆ 1,600 ಡಾಲರ್‌ವರೆಗೆ ಸುಂಕವಿಲ್ಲ. ಆದರೆ ಇದು ಸ್ವಂತ ಬಳಕೆಗೆ ಮತ್ತು ಉಡುಗೊರೆಗೆ ಮಾತ್ರ. ಮಾರಲು ತಂದ ಸರಕಾದರೆ ಮೊದಲ ಡಾಲರಿನಿಂದಲೇ ಸುಂಕದ ಲೆಕ್ಕಕ್ಕೆ ಸೇರುತ್ತದೆ.