ಎಡತಿರುವಿನ ನಾಲ್ಕನೆಯ ಸೆಕೆಂಡು

ಮೂರನೆಯ ಸಲ ಕಾರಿನ ಆಯಿಲ್ ಚೇಂಬರ್ (ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿ) ಕಳಚಿ, ಮೂರನೆಯ ಸಲ ಕಟ್ಟಿದ್ದೇನೆ. ಬೋಲ್ಟುಗಳಿಗೆ ನನ್ನ ಕೈಯ ಪರಿಚಯ ಎಷ್ಟಾಗಿದೆಯೆಂದರೆ ಸ್ಪ್ಯಾನರ್ ಕಂಡರೆ ತಾವೇ ಸಡಿಲವಾಗುತ್ತವೆ. ಎಂಜಿನ್ ಎತ್ತಿ ಹಿಡಿದದ್ದು, ಕ್ರಾಸ್ ಮೆಂಬರ್ ಇಳಿಸಿದ್ದು, ಹಳೆಯ ಗ್ಯಾಸ್ಕೆಟ್ ಹೆರೆದದ್ದು ಇವೆಲ್ಲ ನಿಮಗೆ ಗೊತ್ತಿರುವ ಗೋಳು, ಬಿಡೋಣ. ಈ ಸಲ ಬರೆಯಬೇಕಾದದ್ದು ಒಂದೇ: ತಿರುವಿನಲ್ಲಿ ಎಣ್ಣೆ ಪಕ್ಕಕ್ಕೆ ಓಡದಂತೆ ತಡೆಯುವ ಬ್ಯಾಫಲ್ ಪೆಟ್ಟಿಗೆ ಹಾಕಿದ ಮೇಲೂ ಎಡತಿರುವಿನಲ್ಲಿ ಮಾತ್ರ ಆಯಿಲ್ ಒತ್ತಡ ಏಕೆ ಕುಸಿಯುತ್ತಿತ್ತು ಎಂಬುದು.

ಬ್ಯಾಫಲ್ ಇಲ್ಲದಾಗ ಎರಡೂ ಕಡೆಯ ತಿರುವುಗಳಲ್ಲಿ ಒಂದು ಸೆಕೆಂಡಿನೊಳಗೆ ಒತ್ತಡ ಬೀಳುತ್ತಿತ್ತು. ಅದು ಅರ್ಥವಾಗುವ ಮಾತು. 1 ಜಿ ಬಲದಲ್ಲಿ, ಅಂದರೆ ಗುರುತ್ವದಷ್ಟೇ ಅಡ್ಡಬಲದಲ್ಲಿ, ತಿರುಗಿದರೆ ಎಣ್ಣೆಯ ಮೇಲ್ಮೈ 45 ಡಿಗ್ರಿ ವಾಲುತ್ತದೆ. ಹೊರಗೋಡೆಯತ್ತ ಎಣ್ಣೆ ಗುಡ್ಡೆಯಾಗುತ್ತದೆ, ನಡುವಿನ ಪಿಕಪ್ (ಪಂಪು ಎಣ್ಣೆ ಹೀರುವ ಕೊಳವೆಯ ಬಾಯಿ) ಗಾಳಿ ಕುಡಿಯುತ್ತದೆ. ಬ್ಯಾಫಲ್ ಕಿಟ್ ಹಾಕಿದ ಮೇಲೆ ಬಲತಿರುವು ಪೂರ್ತಿ ಸರಿಹೋಯಿತು. ಎಡತಿರುವಿನಲ್ಲಿ ಮಾತ್ರ ಒತ್ತಡ ದಾಖಲಿಸುವ ಲಾಗರ್ ವಿಚಿತ್ರ ಕಥೆ ಹೇಳಿತು. ಮೊದಲ ಮೂರು ಸೆಕೆಂಡು 4.6 ಬಾರ್, ಗೆರೆ ಎಳೆದ ಹಾಗೆ. ನಾಲ್ಕನೆಯ ಸೆಕೆಂಡಿನಲ್ಲಿ ನೇರ 1.1ಕ್ಕೆ ಪಾತಾಳ. ಹತ್ತಾರು ಸುತ್ತು ನೋಡಿದರೂ ಅದೇ ನಾಲ್ಕನೆಯ ಸೆಕೆಂಡು, ಗಡಿಯಾರ ನೋಡಿಕೊಂಡು ಬಂದಂತೆ.

ಡ್ಯಾಶ್‌ಬೋರ್ಡಿನ ಕೆಂಪು ದೀಪ ಇಷ್ಟಾದರೂ ಒಮ್ಮೆಯೂ ಕಣ್ಣು ಬಿಡಲಿಲ್ಲ. ಕಾರ್ಖಾನೆಯ ಸ್ವಿಚ್ ಸಾಮಾನ್ಯವಾಗಿ 0.3ರಿಂದ 0.5 ಬಾರ್‌ಗೆ ಇಳಿದಾಗ ಎಚ್ಚರಗೊಳ್ಳುತ್ತದೆ. 6,500 ಆರ್‌ಪಿಎಮ್‌ನಲ್ಲಿ 1.1 ಬಾರ್ ಎಂದರೆ ಬೇರಿಂಗಿಗೆ ಉಪವಾಸ, ದೀಪದ ಲೆಕ್ಕದಲ್ಲಿ ಮಾತ್ರ ಮೃಷ್ಟಾನ್ನ. ದೀಪವನ್ನು ನಂಬಿ ಓಡಿಸುವವರು ಅದು ಹೊತ್ತಿಕೊಂಡಾಗ ಮಾಡಬೇಕಾದ ಕೆಲಸ ಒಂದೇ, ಹೊಸ ಎಂಜಿನ್ ಹುಡುಕುವುದು.

ಮೊದಲ ಅನುಮಾನ ಸಹಜವಾಗಿಯೇ ಕಿಟ್ ಕಳಿಸಿದವರ ಮೇಲೆ ಹೋಯಿತು. ಅವರೂ ಅನುಮಾನಕ್ಕೆ ಸಾಕಷ್ಟು ಸಾಮಗ್ರಿ ಒದಗಿಸಿದ್ದರು. ಬ್ಯಾಫಲ್ ಪೆಟ್ಟಿಗೆಯ ಎರಡು ಕೀಲುಬಾಗಿಲುಗಳಲ್ಲಿ ಒಂದನ್ನು ಹೊರಕ್ಕೆ ತೆರೆಯುವಂತೆ ಬೆಸುಗೆ ಹಾಕಿ ಕಳಿಸಿದ್ದರು. ಎಣ್ಣೆಯನ್ನು ಒಳಗೆ ಬಿಟ್ಟು ಹೊರಗೆ ಬಿಡದಿರುವುದೇ ಆ ಬಾಗಿಲಿನ ಏಕೈಕ ಉದ್ಯೋಗ. ಇದು ತಿರುವುಮುರುವಾಗಿ ಎಣ್ಣೆಯನ್ನು ಮರ್ಯಾದೆಯಿಂದ ಬೀಳ್ಕೊಡುತ್ತಿತ್ತು. ಮೇಲುಹಲಗೆಯ ಸಂದಿಗೆ ಕೊಟ್ಟ ರಬ್ಬರ್ ಪಟ್ಟಿ 'ಎಣ್ಣೆಗೆ ಜಗ್ಗುವುದಿಲ್ಲ' ಎಂಬ ಭರವಸೆಯೊಂದಿಗೆ ಬಂದಿತ್ತು. ಒಂದು ದಿನದ ಬಿಸಿ ಎಣ್ಣೆಗೆ ಉಬ್ಬಿ ಮೆತ್ತಗಾಗಿ ಉಗುರಿಗೆ ಅಂಟಿತು. ಪತ್ರ ಬರೆದೆ. 'ಇದುವರೆಗೆ ಯಾರಿಂದಲೂ ದೂರು ಬಂದಿಲ್ಲ' ಎಂಬ ಉತ್ತರ ಬಂತು. ಅಳವಡಿಸಿದವರ ಎಂಜಿನ್‌ಗಳು ಬಾಯಿ ಬಿಡುವ ಸ್ಥಿತಿಯಲ್ಲಿ ಉಳಿದಿರಲಿಕ್ಕಿಲ್ಲ.

ಬಾಗಿಲನ್ನು ನಾನೇ ಕತ್ತರಿಸಿ ಸರಿಯಾಗಿ ಕೂರಿಸಿದ್ದೆ, ರಬ್ಬರ್ ಕಿತ್ತು ತಗಡನ್ನೇ ಮಡಚಿ ಸಂದಿ ಮುಚ್ಚಿದ್ದೆ. ಆದರೂ ನಾಲ್ಕನೆಯ ಸೆಕೆಂಡು ಜಪ್ಪಯ್ಯ ಎನ್ನಲಿಲ್ಲ. ಅರ್ಧ ಲೀಟರ್ ಎಣ್ಣೆ ಹೆಚ್ಚಿಗೆ ಸುರಿದು ನೋಡಿದೆ. ನಾಲ್ಕನೆಯ ಸೆಕೆಂಡು ನಾಲ್ಕೂವರೆಯಾಯಿತು, ಎಂಜಿನ್ನಿನ ಆವಿಯ ಜೊತೆ ಬರುವ ಎಣ್ಣೆ ಹಿಡಿಯುವ ಬ್ರೀದರ್ ಡಬ್ಬಿ ತುಂಬಿತು. ಪಿಕಪ್ಪಿನ ಕೆಳಗೆ ಜೇಡಿಮಣ್ಣಿನ ಉಂಡೆ ಇಟ್ಟು ತಳದ ಅಂತರ ಅಳೆದೆ, 8 ಮಿಲಿಮೀಟರ್; ಅಲ್ಲಿ ತಪ್ಪಿಲ್ಲ. ಎರಡನೆಯ ಸಿಲಿಂಡರಿನ ಬಿಗ್ ಎಂಡ್ ಕ್ಯಾಪ್ (ಪಿಸ್ಟನ್ನಿನ ರಾಡ್ ಕ್ರ್ಯಾಂಕನ್ನು ಹಿಡಿಯುವ ತುದಿಯ ಮುಚ್ಚಳ) ಬಿಚ್ಚಿದಾಗ ಮಾತ್ರ ಎದೆ ಧಸಕ್ಕೆಂದಿತು. ಬೇರಿಂಗಿನ ಬೂದುಬಣ್ಣದ ಮೇಲ್ಪದರದ ನಡುವೆ ಹೆಬ್ಬೆರಳಿನ ಉಗುರಿನಷ್ಟಗಲ ತಾಮ್ರ ಹೊಳೆಯುತ್ತಿತ್ತು. ಕ್ರ್ಯಾಂಕ್ ಮೇಲೆ ಉಗುರು ಎಳೆದೆ, ಎಲ್ಲಿಯೂ ತಡೆಯಲಿಲ್ಲ. ಬೇರಿಂಗ್ ತನ್ನ ಪ್ರಾಣ ಕೊಟ್ಟು ಕ್ರ್ಯಾಂಕನ್ನು ಉಳಿಸಿತ್ತು. (ಪೋರ್ಷೆ 944 ಇಟ್ಟುಕೊಂಡವರು ಇಲ್ಲಿ ನಿಟ್ಟುಸಿರು ಬಿಡಬಹುದು. ಅವರಲ್ಲೂ ಮೊದಲು ಹೋಗುವುದು ಈ ಎರಡನೆಯದೇ.)

ಹೊಸ ಬೇರಿಂಗ್ ಬರುವವರೆಗೆ ಕೈಕಟ್ಟಿ ಕೂತಾಗ ಮಾಡಬೇಕಿದ್ದ ಲೆಕ್ಕವನ್ನು ಕೊನೆಗೂ ಮಾಡಿದೆ. ಪಿಕಪ್ ಸುತ್ತಲಿನ ಪೆಟ್ಟಿಗೆ ಹಿಡಿಯುವುದು ಸುಮಾರು 2 ಲೀಟರ್. ಆ ವೇಗದಲ್ಲಿ ಪಂಪು ನಿಮಿಷಕ್ಕೆ 40 ಲೀಟರ್ ಎತ್ತುತ್ತದೆಂದು ಹಿಡಿದರೆ ಪೆಟ್ಟಿಗೆ ಬರಿದಾಗಲು ಬೇಕಾದದ್ದು ಮೂರು ಸೆಕೆಂಡು. ಅಂದರೆ ಬ್ಯಾಫಲ್ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತಿತ್ತು! ಇದ್ದ ಎಣ್ಣೆಯನ್ನು ಹೊರಬಿಡುತ್ತಿರಲಿಲ್ಲ. ಖರ್ಚಾದ ಎಣ್ಣೆ ವಾಪಸು ಬರುತ್ತಿರಲಿಲ್ಲ, ಅಷ್ಟೇ. ನಾನು ಇಷ್ಟು ದಿನ ಸೋರಿಕೆ ಹುಡುಕುತ್ತಿದ್ದೆ, ತೊಂದರೆ ಇದ್ದದ್ದು ಆದಾಯದಲ್ಲಿ.

ಹಾಗಾದರೆ ಬಲತಿರುವಿನಲ್ಲಿ ಏಕೆ ಸರಿ? ಈ ಎಂಜಿನ್ ಬಲಕ್ಕೆ ವಾಲಿಕೊಂಡು ಕೂತಿದೆ. ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನಿಂದ ಎಣ್ಣೆ ಇಳಿಯುವ ರಂಧ್ರಗಳೆಲ್ಲ ಬಲಪಕ್ಕದಲ್ಲಿವೆ, ಚೇಂಬರಿನ ಬಲಗೋಡೆಗುಂಟ ಸುರಿಯುತ್ತವೆ. ಬಲಕ್ಕೆ ತಿರುಗಿದಾಗ ಆ ಎಣ್ಣೆ ಎಡಕ್ಕೆ ಜಾರಿ ಬಲಬಾಗಿಲನ್ನು ತಳ್ಳಿಕೊಂಡು ಪೆಟ್ಟಿಗೆಯೊಳಗೆ ಬರುತ್ತದೆ. ಎಡಕ್ಕೆ ತಿರುಗಿದಾಗ ಇಳಿದದ್ದೆಲ್ಲ ಬಲಗೋಡೆಗೆ ಅಂಟಿಕೊಂಡು, ಬಾಗಿಲಾಚೆಗೆ ನಿಂತುಬಿಡುತ್ತದೆ. ಊಟದ ಮನೆಯ ಹೊರಗೆ ನಿಂತ ನೆಂಟರ ಹಾಗೆ.

ಉಪಾಯ ಸರಳವೆನಿಸಿತು. ರಂಧ್ರಗಳ ಕೆಳಗೆ ಒಂದು ತಗಡಿನ ದೋಣಿ, ಮಾಡಿನ ನೀರು ಹಿಡಿಯುವಂಥದ್ದು, ಪೆಟ್ಟಿಗೆಯತ್ತ ಇಳಿಜಾರಾಗಿ. 9 ಸೆಂಟಿಮೀಟರ್ ಅಡ್ಡಕ್ಕೆ 3 ಸೆಂಟಿಮೀಟರ್ ಇಳಿತ. ಅಂದವಾಗಿಯೂ ಬಂತು. ಅದೃಷ್ಟಕ್ಕೆ ಕಾರಿಗೆ ಕಟ್ಟುವ ಮೊದಲು ಮೇಜಿನ ಮೇಲೆ ಪರೀಕ್ಷಿಸುವ ಬುದ್ಧಿ ಬಂತು: ಚೇಂಬರನ್ನು 45 ಡಿಗ್ರಿ ಓರೆಯಾಗಿ ಕಟ್ಟಿ, ಬಣ್ಣದ ನೀರನ್ನು ರಂಧ್ರದ ಜಾಗದಿಂದ ಸುರಿದೆ. ದೋಣಿಗೆ ಬಿದ್ದ ನೀರು ಒಂದು ಗಳಿಗೆ ಯೋಚಿಸಿ, ಹಿಂದಕ್ಕೆ ಹರಿದು ನನ್ನ ಚಪ್ಪಲಿಯ ಮೇಲೆ ಬಿತ್ತು. 1 ಜಿ ತಿರುವಿನಲ್ಲಿ ಪ್ರತಿ ಸೆಂಟಿಮೀಟರ್ ಅಡ್ಡದಾರಿಗೂ ಒಂದು ಸೆಂಟಿಮೀಟರ್ ಎತ್ತರದ ಸುಂಕ ಕಟ್ಟಬೇಕು. ನನ್ನ ದೋಣಿಯ ಕೈಯಲ್ಲಿದ್ದದ್ದು ಮೂರು, ಕೊಡಬೇಕಾದದ್ದು ಒಂಬತ್ತು.

ಇಲ್ಲೊಂದು ಅಡ್ಡಮಾತು. ಓರೆಯಾದ ಆ ಮೇಜನ್ನು ನೋಡುತ್ತಿದ್ದಂತೆ ಇದೇ ಎಡತಿರುವಿನಲ್ಲಿ ಪೆಟ್ರೋಲ್ ಕಾಲುಭಾಗಕ್ಕಿಳಿದಾಗ ಎಂಜಿನ್ ಕೆಮ್ಮುವುದು ನೆನಪಾಯಿತು. ಟ್ಯಾಂಕಿನ ಒಳಗೂ ನಡೆಯುತ್ತಿರುವುದು ಇದೇ ನಾಟಕ, ಪಾತ್ರಧಾರಿ ಬೇರೆ. ಮುಂದಿನ ಕೆಲಸ ಅದೇ: ಒಂದೂವರೆ ಲೀಟರಿನ ಸರ್ಜ್ ಟ್ಯಾಂಕ್ (ಪೆಟ್ರೋಲ್ ಸದಾ ತುಂಬಿರುವ ಪುಟ್ಟ ನಡುತೊಟ್ಟಿ), ಎರಡನೆಯ ಪಂಪು. ಚಿತ್ರ ಬರೆಯಲು ಶುರುಮಾಡಿ ಅರ್ಧ ದಿನ ಕಳೆದೆ. ಎಂಜಿನ್ ಇನ್ನೂ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು.

ಪರಿಹಾರ ಅದೇ ಸುಂಕದ ಲೆಕ್ಕದಲ್ಲಿತ್ತು. ಹೆಡ್ಡಿನ ರಂಧ್ರದಿಂದ ಪೆಟ್ಟಿಗೆಗೆ ಒಟ್ಟು ಇಳಿತ 34 ಸೆಂಟಿಮೀಟರ್, ಅಡ್ಡದೂರ 19. ದಾರಿಯನ್ನು ಪೂರ್ತಿ ಮುಚ್ಚಿದ ಕೊಳವೆಯಾಗಿಸಿದರೆ ಮೇಲಿನ ಎಣ್ಣೆಯ ಕಂಬವೇ ಕೆಳಗಿನದನ್ನು ದೂಡುತ್ತದೆ. ಸುಂಕ ಕಟ್ಟಿಯೂ 15 ಸೆಂಟಿಮೀಟರ್ ಉಳಿತಾಯ. ಬ್ಲಾಕಿನ ಕೆಳಗಿನ ಎರಡು ರಂಧ್ರಗಳಿಗೆ 16 ಮಿಲಿಮೀಟರ್ ಉಕ್ಕಿನ ಕೊಳವೆ ಕೂರಿಸಿ, ಬಾಯಿ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಮುಳುಗುವಷ್ಟು ಇಳಿಸಿದೆ. ಮುಳುಗಿದ್ದರೆ ಕ್ರ್ಯಾಂಕ್‌ಕೇಸಿನ ಗಾಳಿ ಕೊಳವೆಯೊಳಗೆ ಮೇಲಕ್ಕೇರಿ ಇಳಿಯುವ ಎಣ್ಣೆಗೆ ಅಡ್ಡ ನಿಲ್ಲುವುದಿಲ್ಲ.

ಹೇಳುವಾಗ ಎರಡು ವಾಕ್ಯ, ಮಾಡುವಾಗ ನಾಲ್ಕು ವಾರಾಂತ್ಯ. ಹಿಂದಿನ ಕೊಳವೆ ಮೂರನೆಯ ಸಿಲಿಂಡರಿನ ರಾಡ್ ಬೋಲ್ಟಿನ ಹಾದಿಯಲ್ಲೇ ಬರುತ್ತಿತ್ತು. ವೈಸ್‌ನಲ್ಲಿ ಒತ್ತಿ ಚಪ್ಪಟೆ ಮಾಡಿದೆ, ಜೇಡಿಮಣ್ಣು ಮೆತ್ತಿ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿದೆ, ಬೋಲ್ಟು ಮಣ್ಣಿನಲ್ಲಿ ನೀಟಾಗಿ ಗೆರೆ ಕೊರೆಯಿತು. ಮತ್ತೆ ಬಿಚ್ಚು, ಮತ್ತೆ ಒತ್ತು. ಐದನೆಯ ಸಲಕ್ಕೆ 4 ಮಿಲಿಮೀಟರ್ ಅಂತರ ಸಿಕ್ಕಿತು. ಬೆಸುಗೆಯ ಕಾವಿಗೆ ಚೇಂಬರಿನ ಅಂಚು ಸೊಟ್ಟಗಾಗಿದ್ದು ಬೇರೆ. ಅದನ್ನು ದಪ್ಪ ಕಬ್ಬಿಣದ ಹಲಗೆಗೆ ಬೋಲ್ಟ್ ಹಾಕಿ ಕಟ್ಟಿಕೊಂಡು ಬೆಸೆಯಬೇಕೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಲಿಲ್ಲ, ಸುತ್ತಿಗೆ ಹಿಡಿದು ಪ್ರಾಯಶ್ಚಿತ್ತ ಮಾಡಿಕೊಂಡೆ.

ಮೊನ್ನೆ ಓಡಿಸಿದೆ. ಎಣ್ಣೆಯ ಶಾಖ 118 ಡಿಗ್ರಿ, ಅದೇ ತಿರುವು, ಆರು ಸೆಕೆಂಡು. ಮೂರು ದಾಟಿತು, ನಾಲ್ಕು ಬಂತು. ಉಸಿರು ಬಿಗಿಹಿಡಿದಿದ್ದೆನೆಂದು ಗೊತ್ತಾದದ್ದು ತಿರುವು ಮುಗಿದ ಮೇಲೆ. ಲಾಗರಿನಲ್ಲಿ ಕನಿಷ್ಠ ಒತ್ತಡ 4.1 ಬಾರ್. ಜೋರಾಗಿ ಬ್ರೇಕ್ ಹಾಕಿ ತಿರುಗುವ ಹೊತ್ತಿಗೆ ಇನ್ನೂ ಒಂದು ಸಣ್ಣ ತಗ್ಗು ಉಳಿದಿದೆ, 3.2ಕ್ಕೆ ಇಳಿದು ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲೇಳುತ್ತದೆ. ಮುಂಗೋಡೆಯ ಬಾಗಿಲು ಭಾರವಾಯಿತೆಂದು ನನ್ನ ಗುಮಾನಿ. ತೆಳು ತಗಡಿನಲ್ಲಿ ಇನ್ನೊಂದನ್ನು ಕತ್ತರಿಸಿಟ್ಟಿದ್ದೇನೆ.

ಅದನ್ನು ಕೂರಿಸಲು ಹೇಗೂ ನಾಲ್ಕನೆಯ ಸಲ ಬಿಚ್ಚಬೇಕು. ಕಿಟ್ಟಿನ ಜೊತೆ ಬಂದ ಗ್ಯಾಸ್ಕೆಟ್ ಈಗಾಗಲೇ ಹಿಂದಿನ ಎಡಮೂಲೆಯಲ್ಲಿ ಬೆವರುತ್ತಿದೆ, ರಾತ್ರಿಗೆ ಮೂರು ಹನಿ. ಕೆಳಗೆ ರಟ್ಟು ಹಾಸಿದ್ದೇನೆ.